ಕಡತದಾಗ ಸೊನ್ನೆ, ಕೇರಿಯಾಗ ಆನೆಕಾಲು



ಪೋಸ್ಟ್ ಉದ್ದ ಐತಿ. ಪುರಸೊತ್ತು ಇದ್ದಾಗ ಓದ್ರಿ, ಆದ್ರ ಪೂರ್ತಿ ಓದ್ರಿ. ಅರ್ಧಕ್ಕ ಬಿಟ್ಟು ‘ಸೂಪರ್ ಅಣ್ಣಾ’ ಅಂತ ಹಾಕಬ್ಯಾಡ್ರಿ. ಇದು ಸೂಪರ್ ಅನ್ನೋ ವಿಷಯ ಅಲ್ಲ, ಒಂದು ಕಾಲಿನ ವಿಷಯ.

ನಮ್ಮ ದೊಡ್ಡವ್ವನ ಕಾಲು. ಬೀಳಗಿ ತಾಲ್ಲೂಕಿನ ಒಂದು ಹಳ್ಳಿ, ಊರಿನ ಹೆಸರು ಇಲ್ಲಿ ಬೇಡ. ಬಲಗಾಲು ಮೊಣಕಾಲಿನಿಂದ ಕೆಳಗೆ ಬಾತು, ಚರ್ಮ ದಪ್ಪಾಗಿ, ಬೆರಳ ಸಂದಿಯಲ್ಲಿ ಯಾವಾಗಲೂ ಹಸಿ ಗಾಯ. ನಾನು ಸಣ್ಣವನಿದ್ದಾಗಿಂದ ಹಿಂಗ ನೋಡಿಕೋತ ಬಂದೀನಿ. ಮದುವಿಗೆ ಹೋದ್ರ ಎಲ್ಲಾರ ಹಿಂದ ಕುಂಡ್ರತಾಳ, ಸೀರಿ ನಿರಿಗಿ ಕೆಳಗ ಎಳಕೊಂಡು. ವರ್ಷಕ್ಕ ನಾಕೈದು ಸಲ ಜ್ವರ ಬರತೈತಿ, ಕಾಲು ಕೆಂಪಗಾಗಿ ಸಿಡೀತೈತಿ, ಮೂರು ದಿನ ಏಳೂದಿಲ್ಲ. ಆ ಮೂರು ದಿನದ ಕೂಲಿ ಹೋತು. ಈಗಂತೂ ಕೂಲಿಗೆ ಕರಿಯವರೂ ಇಲ್ಲ.

ಕೆಲವು ವರ್ಷದ ಹಿಂದೆ ಆನೆಕಾಲು ರೋಗಿಗಳ ಪಟ್ಟಿ ಮಾಡಲು ಇಬ್ಬರು ಬಂದಿದ್ದರು. ಕೇರಿ ಬಾಯಿಗೆ ಬೇವಿನ ಗಿಡದ ಕೆಳಗೆ ನಿಂತು, ‘ನಿಮ್ಮ ಓಣ್ಯಾಗ ಯಾರಿಗರ ಆನಿಕಾಲ ಅದಾವೇನ್ರೋ?’ ಅಂತ ಕೇಳಿದ್ರಂತ. ಅಲ್ಲಿ ಕುಂತಿದ್ದ ಹುಡುಗರು ‘ಇಲ್ರೀ ಸರ’ ಅಂದ್ರಂತ. ಬರಕೊಂಡು ಹೋದ್ರು. ದೊಡ್ಡವ್ವ ಐವತ್ತು ಹೆಜ್ಜೆ ದೂರದಾಗ, ತನ್ನ ಮನ್ಯಾಗ ಕುಂತಿದ್ಲು.

‘ನೀ ಯಾಕ ಹೊರಗ ಬರಲಿಲ್ಲಬೇ?’ ಅಂತ ನಾ ಆಮೇಲೆ ಕೇಳಿದೆ.

‘ನನ್ನ ಯಾರು ಕರದ್ರೋ ತಮ್ಮಾ?’ ಅಂದ್ಲು.

ಈ ಒಂದು ಮಾತಿಗೆ ಉತ್ತರ ಹುಡುಕೋತ ಇದನ್ನ ಬರೀತಾ ಇದ್ದೀನಿ.

ಮೊದಲು ವಿಷಯ ತಿಳಕೊಳ್ರಿ. ಆನೆಕಾಲು ರೋಗ ಪಾಪದಿಂದ ಬರೂದಿಲ್ಲ, ದೇವರ ಶಾಪದಿಂದ ಬರೂದಿಲ್ಲ, ಮಾಟದಿಂದಲೂ ಬರೂದಿಲ್ಲ. ಕ್ಯೂಲೆಕ್ಸ್ ಜಾತಿಯ ಸೊಳ್ಳೆ ಕಚ್ಚಿ ಒಂದು ದಾರದಂಥ ಹುಳ ಮೈ ಸೇರುತ್ತದೆ. ಹೆಚ್ಚಿನವರಿಗೆ ಸಣ್ಣ ವಯಸ್ಸಿನಲ್ಲೇ ಸೇರಿರುತ್ತದೆ, ಬಾವು ಕಾಣುವುದು ಎಷ್ಟೋ ವರ್ಷದ ಮೇಲೆ. ಹೆಂಗಸರಿಗೂ ಗಂಡಸರಿಗೂ ಕಾಲು ಬಾಯುತ್ತದೆ. ಗಂಡಸರಿಗೆ ಹೈಡ್ರೋಸೀಲ್ ಕೂಡ ಆಗುತ್ತದೆ, ಅಂದರೆ ವೃಷಣದಲ್ಲಿ ನೀರು ತುಂಬಿ ಬಾವು ಬರುವುದು. ಅದನ್ನಂತೂ ಯಾವ ಗಂಡಸೂ ಬಾಯಿಬಿಟ್ಟು ಹೇಳೂದಿಲ್ಲ. ಹುಳದ ಮರಿ ರಕ್ತದಲ್ಲಿ ಕಾಣಿಸಿಕೊಳ್ಳುವುದು ರಾತ್ರಿ ಹೊತ್ತು. ಅದಕ್ಕೇ ರಾತ್ರಿ ಬಂದು ಬೆರಳು ಚುಚ್ಚಿ ರಕ್ತ ತಗೊಂಡು ಹೋಗತಿದ್ದರು.

ಕರ್ನಾಟಕದಲ್ಲಿ ಈ ರೋಗದ ಪಟ್ಟಿಯಲ್ಲಿರುವ ಜಿಲ್ಲೆಗಳು ಒಂಬತ್ತು: ಬಾಗಲಕೋಟೆ, ವಿಜಯಪುರ, ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ. ನಮ್ಮ ಜಿಲ್ಲೆ ಅದರಾಗ ಐತಿ ಅನ್ನೋದು ನಮ್ಮ ಎಷ್ಟು ಕಾರ್ಯಕರ್ತರಿಗೆ ಗೊತ್ತಿತ್ತು? ಕೈ ಎತ್ತರಿ ನೋಡೋಣ.

2004ರಿಂದ ದೇಶದಾದ್ಯಂತ ಸಾಮೂಹಿಕವಾಗಿ ಡಿಇಸಿ ಗುಳಗಿ ನುಂಗಿಸುವ ಕಾರ್ಯಕ್ರಮ ನಡೆದಿದೆ. 2002ರ ರಾಷ್ಟ್ರೀಯ ಆರೋಗ್ಯ ನೀತಿ ‘2015ಕ್ಕೆ ನಿರ್ಮೂಲನೆ’ ಅಂದಿತು. 2017ರ ನೀತಿ ‘2017ಕ್ಕೆ’ ಅಂದಿತು. ಈಗ ‘2027ಕ್ಕೆ’ ಅಂತಾರ. ಜಗತ್ತಿನ ಗುರಿ 2030, ನಾವು ಮೂರು ವರ್ಷ ಮೊದಲೇ ಮುಗಿಸ್ತೀವಿ ಅನ್ನೋದು ಸರ್ಕಾರದ ಮಾತು.

ಮುಗಿಸ್ರಿ, ಯಾರು ಬ್ಯಾಡ ಅಂದ್ರು? ಶ್ರೀಲಂಕಾ 2016ರಲ್ಲಿ ಮುಗಿಸಿತು, ಬಾಂಗ್ಲಾದೇಶ 2023ರಲ್ಲಿ ಮುಗಿಸಿತು. ಎರಡಕ್ಕೂ ವಿಶ್ವ ಆರೋಗ್ಯ ಸಂಸ್ಥೆ ಮಾನ್ಯತೆ ಕೊಟ್ಟಿದೆ. ನಾನು ಪ್ರಮಾಣಪತ್ರದ ವಿರೋಧಿ ಅಲ್ಲ. ಪ್ರಮಾಣಪತ್ರ ಖರೇ ಆಗಿರಲಿ ಅಂತ ಕೇಳವ.

ಮಾನ್ಯತೆ ಹೆಂಗ ಸಿಗತೈತಿ? ಬಾಯಿಮಾತಿಗೆ ಅಲ್ಲ. ದೇಶ ಒಂದು ಕಡತ ಕಟ್ಟಬೇಕು. ಅದರಲ್ಲಿ ಎರಡು ಭಾಗ ಅಂತ ತಿಳಕೊಳ್ರಿ. ಒಂದನೇ ಭಾಗ ರೋಗ ಹರಡುವುದು ನಿಂತಿದೆ ಅಂತ ತೋರಿಸುವುದು. ಎಷ್ಟು ಸುತ್ತು ಗುಳಗಿ ಕೊಟ್ಟರು, ಒಟ್ಟು ಜನಸಂಖ್ಯೆಯಲ್ಲಿ ನೂರಕ್ಕೆ 65 ಮಂದಿಯಾದರೂ ನುಂಗಿದರಾ, ಆಮೇಲೆ ಆರೇಳು ವರ್ಷದ ಮಕ್ಕಳ ರಕ್ತ ಪರೀಕ್ಷೆಯಲ್ಲಿ ಸೋಂಕು ಮಿತಿಗಿಂತ ಕೆಳಗಿದೆಯಾ, ಗುಳಗಿ ನಿಲ್ಲಿಸಿದ ಮೇಲೆ ಮತ್ತೆ ಮತ್ತೆ ಪರೀಕ್ಷೆ ಮಾಡಿದರೂ ಹಾಗೇ ಉಳಿದಿದೆಯಾ.

ಎರಡನೇ ಭಾಗವನ್ನ ಯಾರೂ ಭಾಷಣದಾಗ ಹೇಳೂದಿಲ್ಲ. ಈಗಾಗಲೇ ಕಾಲು ಬಾತವರು ಎಷ್ಟು ಮಂದಿ, ಹೈಡ್ರೋಸೀಲ್ ಇದ್ದವರು ಎಷ್ಟು ಮಂದಿ, ಅವರು ಇರುವ ಜಾಗದಲ್ಲಿ ಆರೈಕೆ ಕೊಡುವ ದವಾಖಾನೆ ಯಾವುದು, ಅಲ್ಲಿ ಸಿಬ್ಬಂದಿ ಮತ್ತು ಸಾಮಾನು ತಯಾರಿದೆಯಾ, ಇದನ್ನೂ ಕಡತದಲ್ಲಿ ತೋರಿಸಬೇಕು. ಯಾಕಂದ್ರ ಗುಳಗಿ ಹುಳದ ಮರಿ ಕೊಲ್ಲತೈತಿ, ಸೊಳ್ಳೆ ಮುಖಾಂತರ ಮುಂದಿನವರಿಗೆ ಹೋಗೂದನ್ನ ತಡೀತೈತಿ. ಆದರೆ ಇಪ್ಪತ್ತು ವರ್ಷದಿಂದ ಬಾತ ಕಾಲನ್ನ ಮೊದಲಿನಂಗ ಮಾಡೂದಿಲ್ಲ. ರೋಗ ಹರಡೋದು ಸೊನ್ನೆ ಆದರೂ ದೊಡ್ಡವ್ವನ ಕಾಲು ಹಂಗೇ ಇರತೈತಿ. ಆ ಕಾಲಿಗೆ ಒಂದು ಲೆಕ್ಕ ಇರಬೇಕು, ಒಂದು ಔಷಧ ಇರಬೇಕು ಅಂತ ನಿಯಮನೇ ಹೇಳತೈತಿ.

ಇಲ್ಲಿ ನನ್ನ ಕಸುಬಿನ ಮಾತು ಬರತೈತಿ. ಇಪ್ಪತ್ತು ವರ್ಷದಿಂದ ಗುಮಾಸ್ತಿಕಿ ಮಾಡತೀನಿ. ಸೊನ್ನೆ ಹೆಂಗ ಹುಟ್ಟತೈತಿ ಅಂತ ನನಗೆ ಗೊತ್ತು. ಮಧ್ಯಾಹ್ನ ನಾಲ್ಕಕ್ಕ ಮೇಲಿನ ಆಫೀಸಿನಿಂದ ನಮೂನೆ ಬರತೈತಿ, ‘ಇಂದೇ ಸಂಜೆಯೊಳಗೆ ಕಳುಹಿಸುವುದು, ತಪ್ಪಿದಲ್ಲಿ ನೀವೇ ಹೊಣೆ.’ ಹಳ್ಳಿಗೆ ಹೋಗಿ ಬರಲು ಟೈಮಿಲ್ಲ. ಹೋದ ವರ್ಷದ ಪತ್ರ ತೆಗೀತೀವಿ, ದಿನಾಂಕ ತಿದ್ದತೀವಿ, ಕಾಲಂನಾಗ ‘ಇರುವುದಿಲ್ಲ’ ಅಂತ ಹಾಕತೀವಿ. ಸಾಹೇಬರ ಸಹಿ ಬೀಳತೈತಿ. ಅಂಥ ಪತ್ರ ನಾನೇ ಎಷ್ಟೋ ಟೈಪ್ ಮಾಡೀನಿ, ಸುಳ್ಳು ಯಾಕ ಹೇಳಲಿ. ‘ಇದೆ’ ಅಂತ ಬರೆದ್ರ ಹತ್ತು ಪ್ರಶ್ನೆ ಬರತಾವ: ಎಷ್ಟು, ಯಾಕ, ಏನು ಕ್ರಮ ತಗೊಂಡ್ರಿ. ‘ಇಲ್ಲ’ ಅಂತ ಬರೆದ್ರ ಒಂದೂ ಪ್ರಶ್ನೆ ಬರೂದಿಲ್ಲ. ಈ ಒಂದು ಕಾರಣಕ್ಕ ಆಫೀಸಿನಾಗ ಸೊನ್ನೆ ತಾನೇ ಬೆಳೀತೈತಿ. ಇದರಾಗ ಯಾರೋ ಒಬ್ಬ ಕೆಟ್ಟ ಮನುಷ್ಯ ಇರಬೇಕಂತಿಲ್ಲ.

ಗೊತ್ತಿಲ್ಲದ್ದು ಒಂದು, ಇಲ್ಲದ್ದು ಒಂದು. ಕಡತದಾಗ ಎರಡಕ್ಕೂ ಒಂದೇ ಸೊನ್ನೆ.

ನಮ್ಮ ಮಂದಿಗೆ ಈ ಸೊನ್ನೆ ಹೊಸದಲ್ಲ. 2023ರಲ್ಲಿ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯ ಕೊಟ್ಟ ಲೆಕ್ಕ ನೆನಪು ಮಾಡಿಕೊಳ್ರಿ. ದೇಶದ 766 ಜಿಲ್ಲೆಗಳ ಪೈಕಿ 530 ಜಿಲ್ಲೆಗಳು ‘ನಮ್ಮಲ್ಲಿ ಮಲ ಹೊರುವ ಪದ್ಧತಿ ಇಲ್ಲ’ ಅಂತ ತಮಗೆ ತಾವೇ ಬರೆದುಕೊಟ್ಟಿದ್ದವು. ಅದೇ ದೇಶದಾಗ ಮ್ಯಾನ್‌ಹೋಲಿಗೆ ಇಳಿದು ಸತ್ತವರ ಸುದ್ದಿ ನಿಂತಿತ್ತೇನು? 1993ರಲ್ಲೇ ಕಾಯ್ದೆ ಬಂದಿತ್ತು. ಹದಿನೇಳು ವರ್ಷದ ಮೇಲೆ, 2010ರಲ್ಲಿ, ನಮ್ಮ ಹಾವೇರಿ ಜಿಲ್ಲೆಯ ಸವಣೂರಿನ ಭಂಗಿ ಸಮಾಜದವರು ಮೈಮೇಲೆ ಮಲ ಸುರಿದುಕೊಂಡು ‘ನಾವು ಇದ್ದೀವಿ’ ಅಂತ ತೋರಿಸಬೇಕಾಯಿತು. ನಮ್ಮ ಮಂದಿ ಇದ್ದಾರ ಅಂತ ಸಾಬೀತು ಮಾಡೋ ಹೊಣೆ ಯಾವಾಗಲೂ ನಮ್ಮ ಮೈಮೇಲೇ ಬೀಳತೈತಿ.

ಕುಷ್ಠರೋಗದ ಕತೆ ಇದಕ್ಕಿಂತ ನೇರ ಪಾಠ. 2005ರ ಡಿಸೆಂಬರ್‌ನಲ್ಲಿ ದೇಶದ ಲೆಕ್ಕ ಹತ್ತು ಸಾವಿರಕ್ಕೆ ಒಂದಕ್ಕಿಂತ ಕೆಳಗೆ ಇಳಿಯಿತು. ‘ನಿರ್ಮೂಲನೆ ಆಯಿತು’ ಅಂತ ಘೋಷಣೆ ಆಯಿತು. ಮನೆಮನೆಗೆ ಹೋಗಿ ಹುಡುಕುವ ಕೆಲಸ ತಣ್ಣಗಾಯಿತು. ಹುಡುಕೋದು ಕಡಿಮೆ ಆದ್ರ ಸಿಗೋದೂ ಕಡಿಮೆ, ಇದಕ್ಕೆ ದೊಡ್ಡ ವಿಜ್ಞಾನ ಬೇಕಿಲ್ಲ. 2016ರಲ್ಲಿ ಮತ್ತೆ ಆಯ್ದ ಜಿಲ್ಲೆಗಳಲ್ಲಿ ಮನೆಮನೆ ಹುಡುಕಿದಾಗ ಮೂವತ್ತು ಸಾವಿರಕ್ಕೂ ಹೆಚ್ಚು ಹೊಸ ರೋಗಿಗಳು ಸಿಕ್ಕರು. ಘೋಷಣೆ ಆಗಿ ಇಷ್ಟು ವರ್ಷ ಆದ ಮೇಲೂ, 2023ರ ಲೆಕ್ಕ ನೋಡ್ರಿ, ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಹೊಸ ಕುಷ್ಠರೋಗಿಗಳು ನಮ್ಮ ದೇಶದಾಗ. ಜಗತ್ತಿನ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಭಾರತದವರೇ.

ಇದರಾಗ ಭಾಷೆಯ ಮೋಸನೂ ಐತಿ. ವಿಶ್ವ ಆರೋಗ್ಯ ಸಂಸ್ಥೆ ಎರಡು ಬೇರೆ ಮಾತು ಬಳಸುತ್ತದೆ. ರೋಗ ಜಗತ್ತಿನಿಂದಲೇ ಹೋಗುವುದು ಒಂದು. ‘ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿದಿಲ್ಲ’ ಅನ್ನುವ ಮಟ್ಟಕ್ಕೆ ಇಳಿಯುವುದು ಇನ್ನೊಂದು. ನಮ್ಮ ಸರ್ಕಾರಿ ಗೋಡೆಬರಹದಾಗ ಎರಡಕ್ಕೂ ‘ನಿರ್ಮೂಲನೆ’ ಅಂತನೇ ಬರೀತಾರ. ಮೂಲದಿಂದ ಕಿತ್ತರು ಅಂತ ಮಂದಿ ತಿಳೀತಾರ. ಆಮೇಲೆ ದೊಡ್ಡವ್ವ ದವಾಖಾನಿಗೆ ಹೋದ್ರ ‘ಈ ರೋಗ ಈಗ ಇಲ್ಲಲ್ಲಬೇ’ ಅನ್ನೋ ಮಾತು ಕೇಳಬೇಕಾಗತೈತಿ. ರೋಗ ಇಲ್ಲ ಅಂದ್ರ ರೋಗಿನೂ ಇಲ್ಲ. ನನ್ನ ಹೆದರಿಕೆ ಇದೇ. ಪ್ರಮಾಣಪತ್ರ ಬರೋದಕ್ಕಿಂತ ಮೊದಲು ಎಣಿಕೆ ಆಗದವರನ್ನ ಪ್ರಮಾಣಪತ್ರ ಬಂದ ಮೇಲೆ ಯಾರೂ ಎಣಿಸೂದಿಲ್ಲ.

ಒಬ್ಬ ಗೆಳೆಯ ಕೇಳಿದ, ‘ಅಣ್ಣಾ, ಇದರಾಗೂ ಜಾತಿ ತರತೀಯಲ್ಲ, ಸೊಳ್ಳಿ ಜಾತಿ ಕೇಳಿ ಕಚ್ಚತೈತೇನು?’

ಇಲ್ಲ. ಸೊಳ್ಳೆಗೆ ಜಾತಿ ಇಲ್ಲ. ಗಟಾರಕ್ಕೆ ಐತಿ.

ಕ್ಯೂಲೆಕ್ಸ್ ಸೊಳ್ಳೆ ಮೊಟ್ಟೆ ಇಡೋದು ನಿಂತ ಹೊಲಸು ನೀರಿನಾಗ. ನಿಮ್ಮ ಊರಿನ ಗಟಾರ ಎಲ್ಲಿಂದ ಹೊರಟು ಎಲ್ಲಿ ನಿಲ್ಲತೈತಿ, ಒಂದು ಸಲ ನಡಕೊಂಡು ಹೋಗಿ ನೋಡ್ರಿ. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟುಕೊಟ್ಟ ತಾಲ್ಲೂಕು ನಮ್ಮದು. ಪುನರ್ವಸತಿ ಕೇಂದ್ರಗಳಿಗೆ ಹೊಸ ನಕಾಶೆ ಬರೆದರು, ಹೊಸ ಪ್ಲಾಟು ಹಾಕಿದರು. ಅಲ್ಲೂ ಹೋಗಿ ನೋಡ್ರಿ, ನೀರು ಹರಿದು ಕೊನೆಗೆ ಯಾರ ಮನಿ ಮುಂದ ನಿಲ್ಲತೈತಿ ಅಂತ. ಗೌಡರ ಮನ್ಯಾಗೂ ಆನೆಕಾಲು ಇರಬಹುದು, ಇದ್ದರೆ ಅವರಿಗೂ ಔಷಧ ಸಿಗಲಿ. ಇದು ‘ದಲಿತರ ರೋಗ’ ಅಂತ ನಾ ಹೇಳತಾ ಇಲ್ಲ, ಹಾಗೆ ಹೆಸರಿಡೋದು ನಮಗೇ ಇನ್ನೊಂದು ಕಳಂಕ. ನಾ ಹೇಳೋದು ಇಷ್ಟೇ: ರೋಗಿಗಳನ್ನ ಎಣಿಸುವವರು ಗಿಡದ ಕೆಳಗೆ ನಿಂತು ವಾಪಸ್ ಹೋಗೋದು ಯಾವ ಓಣಿಯಿಂದ, ಒಳಗ ಕುಂತು ಚಹಾ ಕುಡಿದು ಎಲ್ಲಾರ ಹೆಸರು ಬರಕೊಳ್ಳೋದು ಯಾವ ಓಣ್ಯಾಗ, ಅದನ್ನ ನೀವೇ ಹೇಳ್ರಿ.

ಆಶಾ ಅಕ್ಕಂದಿರ ಮೇಲೆ ಇದನ್ನ ಹಾಕಬ್ಯಾಡ್ರಿ. ಗುಳಗಿ ಹಂಚೋದು ಅವರೇ, ಬೈಗುಳ ತಿನ್ನೋದೂ ಅವರೇ, ಗೌರವಧನಕ್ಕಾಗಿ ಬೆಂಗಳೂರಿನ ಬೀದಿಯಲ್ಲಿ ಕೂರಬೇಕಾದವರೂ ಅವರೇ. ಅವರಾಗ ನಮ್ಮ ಕೇರಿ ಹೆಣ್ಣುಮಕ್ಕಳು ಎಷ್ಟು ಮಂದಿ ಅದಾರ. ನಾನು ಕೇಳೋದು ವ್ಯವಸ್ಥೆಯನ್ನ. ಗುಳಗಿ ಹಂಚಿದ ಲೆಕ್ಕ ಬೇರೆ, ನುಂಗಿದ ಲೆಕ್ಕ ಬೇರೆ. ಗೋಡೆ ಮ್ಯಾಲ ಸುಣ್ಣದ ಗುರುತು ಬಿದ್ದಿರತೈತಿ, ಗುಳಗಿ ಮಾಡದಾಗ ಧೂಳು ತಿನ್ನಕೋತ ಕುಂತಿರತೈತಿ. ದುಡಿಯಾಕ ಗೋವಾಕ್ಕ, ಮಂಗಳೂರಿಗೆ ಹೋದವರು ಆ ದಿನ ಊರಾಗ ಇರೂದಿಲ್ಲ. ಮಕ್ಕಳ ರಕ್ತ ಪರೀಕ್ಷೆ ಸಾಮಾನ್ಯವಾಗಿ ಶಾಲೆಯಲ್ಲಿ ಮಾಡತಾರ. ಕಬ್ಬು ಕಡಿಯೋ ಗ್ಯಾಂಗಿನ ಜೋಡಿ ಬಂದು ಹೊಲದ ಬದುವಿನ ಗುಡಿಸಲಿನಾಗ ಇರೋ ಕೂಸು ಯಾವ ಶಾಲಿ ಹಾಜರಿ ಪುಸ್ತಕದಾಗ ಐತಿ?

‘ಹಂಗಾದ್ರ ಇಂಥ ರೋಗ ಖರೇ ಖರೇ ಹೋಗೋದೇ ಇಲ್ಲೇನು?’ ಅಂತ ಕೇಳಬಹುದು. ಹೋಗತೈತಿ. ನಾರುಹುಣ್ಣು ಹೋತಲ್ಲ. ಹಿರಿಯರನ್ನ ಕೇಳ್ರಿ, ಕಾಲಿನಿಂದ ಮೊಳದುದ್ದದ ಹುಳ ಹೊರಗೆ ಬರತಿತ್ತು, ಕಡ್ಡಿಗೆ ಸುತ್ತಿ ದಿನಾ ಸ್ವಲ್ಪ ಸ್ವಲ್ಪ ಎಳೀತಿದ್ದರು. ಕರ್ನಾಟಕವೂ ಆ ರೋಗ ಇದ್ದ ರಾಜ್ಯಗಳಲ್ಲಿ ಒಂದು. ಅದಕ್ಕೆ ಔಷಧ ಇರಲಿಲ್ಲ, ಲಸಿಕೆ ಇರಲಿಲ್ಲ. ಮೆಟ್ಟಿಲು ಬಾವಿಗೆ ಇಳಿದು ಕುಡಿಯೋ ನೀರಿನಿಂದ ಬರತಿತ್ತು. ಬೋರ್‌ವೆಲ್ ಹಾಕಿದರು, ಬಟ್ಟೆಯಲ್ಲಿ ನೀರು ಸೋಸಲು ಕಲಿಸಿದರು, ಊರೂರು ಹುಡುಕಿದರು. ಕೊನೆಯ ರೋಗಿ ಸಿಕ್ಕಿದ್ದು 1996ರ ಜುಲೈನಲ್ಲಿ, ರಾಜಸ್ಥಾನದಲ್ಲಿ. ಆದರೂ ಪ್ರಮಾಣಪತ್ರ ಬಂದದ್ದು 2000ದ ಫೆಬ್ರುವರಿಯಲ್ಲಿ. ನಡುವಿನ ವರ್ಷಗಳಲ್ಲಿ ಸುಮ್ಮನೆ ಕೂರಲಿಲ್ಲ. ರೋಗಿಯನ್ನ ತೋರಿಸಿದವರಿಗೆ ಬಹುಮಾನ ಕೊಡತೀವಿ ಅಂತ ಸಾರಿದರು, ಗಾಳಿಮಾತು ಬಂದರೂ ಹೋಗಿ ನೋಡಿದರು. ಅಂದರೆ ‘ಇದೆ’ ಅಂದವನಿಗೆ ಬಹುಮಾನ. ನಮ್ಮ ಆಫೀಸುಗಳಾಗ ‘ಇದೆ’ ಅಂದವನಿಗೆ ಮೆಮೊ. ಖರೇ ಸೊನ್ನೆಗೂ ಸುಳ್ಳು ಸೊನ್ನೆಗೂ ಇರೋ ಅಂತರ ಇಷ್ಟೇ.

ನಮ್ಮ ಬೀಳಗಿಯ ಅರೆತ್ತಿನ ಬಾವಿ ನೋಡಲು ಮಂದಿ ಬರತಾರ, ಮೆಟ್ಟಿಲ ಮೇಲೆ ನಿಂತು ಫೋಟೊ ತಗೋತಾರ. ಹಳೆಯ ಬಾವಿ ನೋಡಿದಾಗೆಲ್ಲ ನನಗೆ ಬರೋದು ಒಂದೇ ವಿಚಾರ, ಇಲ್ಲಿ ಯಾರು ಇಳೀತಿದ್ದರು, ಯಾರು ಮೇಲೆ ಕೊಡ ಹಿಡಿದು ಕಾಯತಿದ್ದರು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಕುಡಿದರು. 2027ಕ್ಕೆ ಅದಕ್ಕೆ ನೂರು ವರ್ಷ. ಆನೆಕಾಲು ‘ನಿರ್ಮೂಲನೆ’ಯ ಗಡುವೂ ಅದೇ 2027. ಬಾತ ಕಾಲಿಗೆ ಡಾಕ್ಟರು ಹೇಳೋ ಮೊದಲ ಮದ್ದು ಏನು ಗೊತ್ತೇನು? ದಿನಾ ಶುದ್ಧ ನೀರು, ಸಾಬೂನು ಹಚ್ಚಿ ತೊಳೆಯೋದು, ಬೆರಳ ಸಂದಿ ಒರೆಸಿ ಒಣಗಿಸೋದು, ಗಾಯಕ್ಕೆ ಮುಲಾಮು, ಕಾಲು ಎತ್ತರಕ್ಕಿಟ್ಟು ಮಲಗೋದು, ಮೆತ್ತನೆ ಚಪ್ಪಲಿ. ಇದಕ್ಕೇ ಒಂದು ಟಬ್ಬು, ಮಗ್ಗು, ಸಾಬೂನು, ಟವೆಲ್ಲು, ಮುಲಾಮು ಇರೋ ಕಿಟ್ ಕೊಡಬೇಕು. ದಿನಾ ತೊಳೆದರೆ ಆ ಜ್ವರ, ಆ ಸಿಡಿತ ಬಹಳಷ್ಟು ಕಡಿಮೆ ಆಗತೈತಿ. ಹೈಡ್ರೋಸೀಲಿಗೆ ಆಪರೇಷನ್ ಐತಿ, ಗುಣ ಆಗತೈತಿ. ಕೃಷ್ಣಾ ಹೊಳೆ ದಂಡಿ ತಾಲ್ಲೂಕಿನಾಗ, ಕಣ್ಣಿಗೆ ಕಾಣೋವಷ್ಟು ಹಿನ್ನೀರು ಇಟ್ಟುಕೊಂಡು, ದೊಡ್ಡವ್ವಗ ಕಾಲು ತೊಳಕೊಳ್ಳಾಕ ಒಂದು ಕೊಡ ನೀರು ಹೆಚ್ಚು ಸಿಗೂದಿಲ್ಲ. ನಳ ಎರಡು ದಿನಕ್ಕೊಮ್ಮೆ ಬರತೈತಿ, ಬಂದ ನೀರು ಅಡಿಗಿಗೆ, ಕುಡಿಯಾಕ.

ಇನ್ನೊಂದು ಕಾಗದದ ಮಾತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಯ ವೈಕಲ್ಯಗಳಿವೆ. ಕುಷ್ಠದಿಂದ ಗುಣವಾದವರ ಹೆಸರು ಅದರಾಗ ಐತಿ. ಆನೆಕಾಲಿನ ಹೆಸರಿಲ್ಲ. ಕಾರ್ಡು ಬೇಕಂದ್ರ ‘ಚಲನ ವೈಕಲ್ಯ’ದ ಕೆಳಗೆ ತೂರಿಸಬೇಕು, ಅದು ಡಾಕ್ಟರ ಮನಸ್ಸಿನ ಮೇಲೆ. ನಡೆಯಾಕ ಆಗದ ಕಾಲು, ಕೂಲಿ ಕಳೆದ ಕಾಲು, ಕಾಯ್ದೆ ಪಟ್ಟಿಯಾಗೂ ಇಲ್ಲ, ಊರಿನ ಪಟ್ಟಿಯಾಗೂ ಇಲ್ಲ.

ಈಗ ನಮ್ಮ ಕಡೆ ತಿರುಗತೀನಿ, ಸಿಟ್ಟಾಗಬ್ಯಾಡ್ರಿ. ನಾವು ಏನು ಮಾಡೀವಿ? ಜಯಂತಿಗೆ ಡಿಜೆ ತರಸಾಕ ವಾರದಾಗ ಪಟ್ಟಿ ಎತ್ತತೀವಿ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಅಂತ ಪ್ರತಿ ಊರಿಗೆ ಒಂದು ಐತಿ. ಅದರ ಸಭೆಗೆ ನಮ್ಮವರು ಎಷ್ಟು ಮಂದಿ ಹೋಗೀವಿ? ಬೇವಿನ ಗಿಡದ ಕೆಳಗೆ ‘ಇಲ್ರೀ ಸರ’ ಅಂದ ಹುಡುಗರು ನಮ್ಮ ಹುಡುಗರೇ, ಕೊರಳಾಗ ನೀಲಿ ಶಾಲು ಹಾಕಿದವರೇ. ನಾಚಿಕಿಗೆ ಅಂದರು, ಓಣಿ ಮರ್ಯಾದಿ ಹೋಗತೈತಿ ಅಂತ ಅಂದರು. ದೊಡ್ಡವ್ವನ ಕಾಲು ನಮ್ಮ ಮರ್ಯಾದಿ ಕಳೆಯೂದಿಲ್ಲ. ಆ ಕಾಲನ್ನ ಒಳಗ ಮುಚ್ಚಿಟ್ಟರೆ ಕಳೀತೈತಿ.

ಎಣಿಸೋದು ನಮಗೆ ಬರೂದಿಲ್ಲ ಅಂತೇನಿಲ್ಲ. 2025ರಲ್ಲಿ ನಾಗಮೋಹನದಾಸ್ ಆಯೋಗದ ಒಳಮೀಸಲಾತಿ ಸಮೀಕ್ಷೆ ಬಂದಾಗ ಬಿಸಿಲಾಗ ಓಣಿ ಓಣಿ ಅಡ್ಡಾಡಿ ‘ಒಬ್ಬರೂ ಬಿಡಬಾರದು’ ಅಂತ ಬರೆಸಿದೀವಿ. ಬೆಂಗಳೂರಾಗ ಮನಿಯವರನ್ನ ಮಾತಾಡಿಸದೇ ಸ್ಟಿಕರ್ ಹಚ್ಚಿ ಹೋದರು ಅನ್ನೋ ಸುದ್ದಿಗೆ ನಾವೆಲ್ಲ ಕೂಗಾಡಿದೀವಿ. ಎಣಿಕೆಯಾಗ ಬಿಟ್ಟು ಹೋದವರು ಪಾಲಿನಾಗೂ ಬಿಟ್ಟು ಹೋಗತಾರ ಅಂತ ನಮಗೆ ಅವತ್ತು ಚಂದಾಗಿ ಗೊತ್ತಿತ್ತು. ಆನೆಕಾಲಿನ ವಿಷಯದಾಗ ಯಾಕ ಮರೀತೀವಿ?

ಮಾಡಬೇಕಾದ್ದು ಇಷ್ಟು.

ಒಂದು, ನಿಮ್ಮ ಓಣ್ಯಾಗ ನೀವೇ ಮೊದಲು ನೋಡ್ರಿ. ಹೆಂಗಸರನ್ನ ಹೆಂಗಸರು ಕೇಳಲಿ, ಗಂಡಸರನ್ನ ಗಂಡಸರು ಒಬ್ಬೊಬ್ಬರನ್ನೇ ಕೇಳಲಿ. ಕಾಲಿನ ಫೋಟೊ ತಗೊಂಡು ವಾಟ್ಸಾಪಿಗೆ ಹಾಕಬ್ಯಾಡ್ರಿ, ದಯಮಾಡಿ. ಸಿಕ್ಕವರನ್ನ ಆಶಾ ಅಕ್ಕನ ಜೋಡಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರಕೊಂಡು ಹೋಗಿ ಹೆಸರು ಬರೆಸ್ರಿ.

ಎರಡು, ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕ್ರಿ. ಹತ್ತು ರೂಪಾಯಿ. ಕರ್ನಾಟಕದ ನಿಯಮದಾಗ ಒಂದೇ ವಿಷಯ, 150 ಪದದೊಳಗೆ ಇರಬೇಕು, ನೆನಪಿರಲಿ. ಕಾಲು ಬಾವಿನವರು ಎಷ್ಟು, ಹೈಡ್ರೋಸೀಲಿನವರು ಎಷ್ಟು, ಅವರಲ್ಲಿ ಪರಿಶಿಷ್ಟರು ಎಷ್ಟು, ಪಟ್ಟಿ ಕೊನೆಗೆ ಪರಿಷ್ಕರಿಸಿದ್ದು ಯಾವಾಗ, ಕಿಟ್ ಎಷ್ಟು ಮಂದಿಗೆ ಕೊಟ್ಟರು, ಆಪರೇಷನ್ ಎಷ್ಟು ಆದವು, ಆರೈಕೆ ಕೊಡುವ ದವಾಖಾನೆ ಯಾವುದು. ಸಂಖ್ಯೆ ಕೇಳ್ರಿ, ಹೆಸರು ಕೇಳಬ್ಯಾಡ್ರಿ. ಹೆಸರು ರೋಗಿಯ ಸ್ವಂತದ್ದು.

ಮೂರು, ಗ್ರಾಮಸಭೆಯಲ್ಲಿ ‘ರೋಗಿಗಳ ಪಟ್ಟಿ ಓದ್ರಿ’ ಅಂತ ಕೆಲವರು ಕೇಳಬಹುದು. ಅದಕ್ಕೆ ನನ್ನ ವಿರೋಧ ಐತಿ. ಓಣಿವಾರು ಎಷ್ಟು ಮನಿಗೆ ಹೋಗಿ ಕೇಳಿದರು ಅನ್ನೋ ಲೆಕ್ಕ ಓದಲಿ, ಸಾಕು. ಕೇರಿ ಮುಂದ ಸೊನ್ನೆ ಇದ್ದರೆ, ಆ ಸೊನ್ನೆ ಹುಡುಕಿ ಬಂದದ್ದೋ ಹುಡುಕದೇ ಬಂದದ್ದೋ ಅಂತ ಅಲ್ಲೇ ಕೇಳ್ರಿ.

ನಾಲ್ಕು, ಗಟಾರ. 2013ರ ಎಸ್‌ಸಿಎಸ್‌ಪಿ ಕಾಯ್ದೆ ನಮ್ಮ ಪಾಲಿನ ಹಣ ನಮಗೇ ಖರ್ಚಾಗಬೇಕು ಅಂತ ಬಂದದ್ದು. ಆ ಹಣ ಎತ್ತ ಹರೀತು ಅಂತ ಕೇಳೋದರ ಜೋಡಿ ನಮ್ಮ ಓಣಿ ಗಟಾರ ಎತ್ತ ಹರೀತು ಅಂತಾನೂ ಕೇಳ್ರಿ.

ಇದನ್ನ ಬರೆಯೋ ಮುಂಚೆ ದೊಡ್ಡವ್ವನ ಹತ್ತಿರ ಹೋಗಿ ಕೇಳಿದೆ, ‘ನಿನ್ನ ಕಾಲಿನ ಬಗ್ಗೆ ಬರೀಲೇನಬೇ?’ ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಹೆಸರು ಹಾಕಬ್ಯಾಡ. ಕಾಲು ಹಾಕು’ ಅಂದ್ಲು.

ಹಾಕೀನಿ. ಮುಂದಿನ ಸೋಮವಾರ ರಜೆ ಹಾಕಿ ಅವಳನ್ನ ದವಾಖಾನಿಗೆ ಕರಕೊಂಡು ಹೋಗತೀನಿ, ಪಟ್ಟಿಯಾಗ ಬರೆಸೇ ಬರತೀನಿ. ನಿಮ್ಮ ನಿಮ್ಮ ಓಣ್ಯಾಗ ಇರೋ ದೊಡ್ಡವ್ವಗಳನ್ನ ನೀವು ಕರೀರಿ. ಕರೆಯೋರು ಯಾರೂ ಬರಲಿಲ್ಲ ಅನ್ನೋ ಮಾತು ಇನ್ನ ಸಾಕು.

ಜೈಭೀಮ್.